ಹೆಸರಿಲ್ಲದವರ ಹೆಸರು

ರಾಜಾಜಿನಗರದವರಿಗೆ ‘ಹರಿಶ್ಚಂದ್ರ ಘಾಟ್’ ಎಂದರೆ ಪುರಾಣವಲ್ಲ, ಕಾವ್ಯವೂ ಅಲ್ಲ. ಅದು ಪಕ್ಕದ ಶ್ರೀರಾಮಪುರದ ಕಡೆಗಿರುವ ಸ್ಮಶಾನ. ಆಟೋದವರಿಗೆ ಅಷ್ಟು ಹೇಳಿದರೆ ಸಾಕು, ಮುಂದೆ ಏನೂ ಕೇಳುವುದಿಲ್ಲ. ಹೆಣ ಕಾಯ್ದ ದೊರೆಯ ಹೆಸರನ್ನು ಸ್ಮಶಾನಕ್ಕೆ ಇಟ್ಟದ್ದು ಸಹಜವೇ. ಆದರೆ ಕಥೆಯಲ್ಲಿ ಹರಿಶ್ಚಂದ್ರ ಸ್ಮಶಾನದ ಒಡೆಯನಲ್ಲ, ಆಳು. ಒಡೆಯ ವೀರಬಾಹು. 1965ರ ‘ಸತ್ಯ ಹರಿಶ್ಚಂದ್ರ’ ಚಿತ್ರದಲ್ಲಿ ರಾಜಕುಮಾರ್ ಅವರನ್ನು ಆಳಾಗಿ ಕೊಂಡ ಎಂ.ಪಿ.ಶಂಕರ್ ಅವರನ್ನು ನೆನೆದುಕೊಳ್ಳಿ. ಒಡೆಯನ ಹೆಸರಿನಲ್ಲಿ ಘಾಟ್ ಇಲ್ಲ. ಅವನ ಜಾತಿಯ ಹೆಸರನ್ನಂತೂ ಇಂದು ಬೀದಿಯಲ್ಲಿ ಬೈಗುಳವಾಗಿ ಆಡಿದರೆ ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ. ಆದರೆ ಅದೇ ಹೆಸರು ನಮ್ಮ ಹಳೆಯ ಕಾವ್ಯಗಳ ತುಂಬ ಇದೆ. ಆ ಪುಸ್ತಕಗಳನ್ನು ಏನು ಮಾಡಬೇಕು?

ಈ ಪ್ರಶ್ನೆ ಜೋರಾಗಿ ಎದ್ದದ್ದು ಅಮೆರಿಕದಲ್ಲಿ. ಮಾರ್ಕ್ ಟ್ವೈನ್ ಬರೆದ ‘ಹಕಲ್‌ಬೆರಿ ಫಿನ್’ ಕಾದಂಬರಿಯಲ್ಲಿ ಕರಿಯರನ್ನು ಹೀನಾಯವಾಗಿ ಕರೆಯುವ ಪದ 219 ಸಲ ಬರುತ್ತದೆ. 2011ರಲ್ಲಿ ಅಲನ್ ಗ್ರಿಬೆನ್ ಎಂಬ ಪ್ರಾಧ್ಯಾಪಕರು ಆ ಪದವನ್ನೆಲ್ಲ ತೆಗೆದು ‘ಗುಲಾಮ’ ಎಂದು ಹಾಕಿ ಹೊಸ ಆವೃತ್ತಿ ತಂದರು. ಆ ಪದದ ಕಾರಣಕ್ಕೆ ಶಾಲೆಗಳು ಪುಸ್ತಕವನ್ನೇ ಕೈಬಿಡುತ್ತಿವೆ, ಹೀಗಾದರೂ ಮಕ್ಕಳು ಓದಲಿ ಎಂಬುದು ಅವರ ವಾದ. 2023ರಲ್ಲಿ ರೋಲ್ಡ್ ಡಾಲ್ ಅವರ ಮಕ್ಕಳ ಪುಸ್ತಕಗಳಿಂದ ದಪ್ಪ, ಕುರೂಪಿ ಮುಂತಾದ ಮಾತುಗಳನ್ನು ತೆಗೆದಾಗ ಎಷ್ಟು ಗಲಾಟೆಯಾಯಿತೆಂದರೆ, ಹಳೆಯ ಪಾಠವನ್ನೂ ಮುದ್ರಣದಲ್ಲಿ ಉಳಿಸುತ್ತೇವೆ ಎಂದು ಪ್ರಕಾಶಕರು ಸಾರಬೇಕಾಯಿತು.

ಅಲ್ಲಿ ಬಣ್ಣ, ಇಲ್ಲಿ ಜಾತಿ. ನಮ್ಮಲ್ಲಿ ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ರಾಘವಾಂಕ 13ನೇ ಶತಮಾನದವನು, ಹಂಪೆಯ ಹರಿಹರನ ಸೋದರಳಿಯ. ಸತ್ಯಕ್ಕಾಗಿ ರಾಜ್ಯ ಬಿಟ್ಟ ದೊರೆ ಎಂದಷ್ಟೇ ನಾವು ಹರಿಶ್ಚಂದ್ರನನ್ನು ಬಲ್ಲೆವು. ರಾಜ್ಯ ಬಿಡುವ ಪ್ರಸಂಗ ಬಂದದ್ದು ಯಾಕೆ ಎಂಬುದನ್ನು ನಾಟಕ, ಸಿನಿಮಾಗಳು ಬೇಗ ದಾಟಿಸಿಬಿಡುತ್ತವೆ. ಕಾವ್ಯದಲ್ಲಿ ಅದು ದೀರ್ಘವಾಗಿದೆ. ಬೇಟೆಗೆ ಬಂದು ಕಾಡಿನಲ್ಲಿ ಬಿಡಾರ ಹೂಡಿದ ದೊರೆಯ ಮುಂದೆ ವಿಶ್ವಾಮಿತ್ರ ಸೃಷ್ಟಿಸಿದ ಇಬ್ಬರು ಹೆಣ್ಣುಗಳು ಬಂದು ಹಾಡುತ್ತಾರೆ. ದೊರೆ ಮೆಚ್ಚಿ ಆಭರಣ ಕೊಡಲು ಹೋದರೆ ಬೇಡವೆನ್ನುತ್ತಾರೆ, ಮುತ್ತಿನ ಸತ್ತಿಗೆ ಕೊಡು ಎನ್ನುತ್ತಾರೆ. ಅದು ಪಟ್ಟದ ಗುರುತು, ಕೊಡಲಾಗದು ಎಂದಾಗ, ಹಾಗಾದರೆ ನೀನೇ ನಮ್ಮನ್ನು ಮದುವೆಯಾಗು ಎಂದು ಕೇಳುತ್ತಾರೆ. ದೊರೆ ಕೆರಳುತ್ತಾನೆ. ಸೂರ್ಯವಂಶದವನು ಹೊಲತಿಯರನ್ನು ವರಿಸುವುದೆ?

ಆಗ ಆ ಹೆಣ್ಣುಗಳು ಕೇಳುವ ಪ್ರಶ್ನೆ ಕನ್ನಡದ ದೊಡ್ಡ ಪ್ರಶ್ನೆಗಳಲ್ಲಿ ಒಂದು. ನಮ್ಮ ಹಾಡು ಕೇಳಿದ ನಿನ್ನ ಕಿವಿಗೆ ಮೈಲಿಗೆ ತಟ್ಟಲಿಲ್ಲ. ನಮ್ಮ ರೂಪ ನೋಡಿದ ಕಣ್ಣಿಗೆ ತಟ್ಟಲಿಲ್ಲ. ನಮ್ಮೊಡನೆ ಮಾತಾಡಿದ ಬಾಯಿಗೂ, ನಮ್ಮ ಮೈಗಂಪು ಹಿಡಿದ ಮೂಗಿಗೂ ತಟ್ಟಲಿಲ್ಲ. ಐದು ಇಂದ್ರಿಯಗಳಲ್ಲಿ ಮುಟ್ಟುವ ಒಂದಕ್ಕೆ ಮಾತ್ರ ಮೈಲಿಗೆ ಹೇಗೆ? ಎಂಟುನೂರು ವರ್ಷದ ಹಿಂದಿನ ಕವಿ ಈ ತರ್ಕವನ್ನು ಅವರ ಬಾಯಲ್ಲೇ ಆಡಿಸಿದ್ದಾನೆ. ದೊರೆಯ ಬಳಿ ಇದಕ್ಕೆ ಉತ್ತರವಿಲ್ಲ, ಹೊಡೆದು ಅಟ್ಟುತ್ತಾನೆ. ಅವರನ್ನು ಮದುವೆಯಾಗುವುದಕ್ಕಿಂತ ರಾಜ್ಯವನ್ನೇ ಬಿಡುತ್ತೇನೆಂದು ಹೊರಟವನು ಕೊನೆಗೆ ಕಾಶಿಯಲ್ಲಿ ಅದೇ ಕುಲದ ವೀರಬಾಹುವಿಗೆ ಮಾರಿಕೊಳ್ಳುತ್ತಾನೆ.

ಈಗ ತಿದ್ದುವವರು ಬಂದು ಆ ಜಾತಿಯ ಹೆಸರನ್ನು ಅಳಿಸಿದರೆನ್ನಿ. ಏನು ಹಾಕುತ್ತಾರೆ? ‘ಪರಿಶಿಷ್ಟ ಜಾತಿಯ ಕನ್ಯೆಯರು’ ಎಂದರೆ ನಗೆಪಾಟಲು. ‘ಬಡ ಹುಡುಗಿಯರು’ ಎಂದರೆ ಪ್ರಶ್ನೆಯೇ ಸತ್ತುಹೋಗುತ್ತದೆ. ಬಡವರನ್ನು ಮುಟ್ಟಿದರೆ ಮೈಲಿಗೆ ಎಂದು ಯಾರೂ ಹೇಳಿರಲಿಲ್ಲವಲ್ಲ! ಇನ್ನೊಂದು ಸ್ವಾರಸ್ಯವಿದೆ. ಈ ಹೆಣ್ಣುಗಳಿಗೆ ಹಳಗನ್ನಡದ ಇನ್ನೊಂದು ಮಾತೂ ಇದೆ: ಅನಾಮಿಕರು. ಹೆಸರಿಲ್ಲದವರು, ಅಂದರೆ ಬಾಯಿಂದ ಹೆಸರಿಸಬಾರದವರು. ಕೇಳಲು ನಾಜೂಕಾದ ಮಾತು. ಆದರೆ ಹೆಸರು ಹಿಡಿದು ಬೈಯುವುದಕ್ಕಿಂತ ಹೆಸರೇ ಇಲ್ಲವೆನ್ನುವುದು ಕಡಿಮೆ ಅವಮಾನವೆ? ಒರಟು ಪದವನ್ನು ತೆಗೆದು ನಯವಾದ ಪದ ಹಾಕುವ ಕೆಲಸವನ್ನು ನಮ್ಮ ಹಿರಿಯರು ಆಗಲೇ ಮಾಡಿ ನೋಡಿದ್ದರು.

ಹಾಗೆಂದು, ‘ಅದು ಆ ಕಾಲದ ಮಾತು ಬಿಡಿ’ ಎಂದು ಕೈತೊಳೆದುಕೊಳ್ಳುವವರ ಜೊತೆಗೂ ನಾನಿಲ್ಲ. ನಾನು ಓದಿದ ಕಾಲೇಜಿನಲ್ಲಿ ಈ ಭಾಗ ಪಾಠವಾಗಿತ್ತು. ಮೇಷ್ಟ್ರು ದೊರೆಯ ಮಾತುಗಳನ್ನು ರಾಗವಾಗಿ ಓದಿದರು. ಆ ಪದ ಬಂದಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು. ನನ್ನ ಪಕ್ಕದಲ್ಲಿದ್ದ ಗೆಳೆಯ ಪುಸ್ತಕದಿಂದ ತಲೆ ಎತ್ತಲಿಲ್ಲ. ಹುಡುಗಿಯರ ಪ್ರಶ್ನೆಗೆ ಬರುವ ಮೊದಲೇ ಗಂಟೆ ಹೊಡೆಯಿತು. ಮರುದಿನ ಮೇಷ್ಟ್ರು ಬೇರೆ ಪಾಠಕ್ಕೆ ಹೋದರು. ‘ಬೈಗುಳ ಮಾತ್ರ ಓದಿದರು ಕಣೋ, ಉತ್ತರ ಓದಲೇ ಇಲ್ಲ’ ಎಂದ ಅವನು. ಪದವನ್ನು ಕಿತ್ತುಹಾಕಿದ್ದರೆ ಅಂದು ಅವನಿಗೆ ನೋವಾಗುತ್ತಿರಲಿಲ್ಲ, ನಿಜ. ಆದರೆ ಅವನು ಕೇಳಿದ್ದು ಪದ ಕಿತ್ತುಹಾಕುವುದನ್ನಲ್ಲ, ಪಾಠ ಪೂರ್ತಿ ಮಾಡುವುದನ್ನು.

ಕಾವ್ಯದ ಮಾತು ಬೇರೆ, ನಾಲಿಗೆಯ ಮಾತು ಬೇರೆ ಎಂಬುದನ್ನೂ ಹೇಳಬೇಕು. 2023ರ ಆಗಸ್ಟ್‌ನಲ್ಲಿ ನಟ ಉಪೇಂದ್ರ ಫೇಸ್‌ಬುಕ್ ನೇರಪ್ರಸಾರದಲ್ಲಿ ಹಳೆಯ ಗಾದೆಯೊಂದನ್ನು ಆಡಿದರು. ದಲಿತರ ಕೇರಿಯನ್ನು ಕೆಟ್ಟದ್ದರ ಗುರುತಾಗಿ ಹೇಳುವ ಗಾದೆ ಅದು. ವಿಡಿಯೊ ಅಳಿಸಿ ಕ್ಷಮೆ ಕೇಳಿದರೂ ಬೆಂಗಳೂರಿನಲ್ಲಿ ಎಫ್‌ಐಆರ್ ದಾಖಲಾಯಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ‘ಗಾದೆ ತಾನೆ, ಅದರಲ್ಲೇನು’ ಎಂದವರು ಅನೇಕ. ಆ ಗಾದೆ ನಿಘಂಟಿನಲ್ಲಿ, ಗಾದೆಗಳ ಸಂಕಲನದಲ್ಲಿ ಇರಲಿ, ದಾಖಲೆಯಾಗಿ ಬೇಕು. ಆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬಂದ ಮೇಲೂ ಅದನ್ನು ದಿನಬಳಕೆಯ ಮಾತಿನಲ್ಲಿ ಯಾಕೆ ಉಳಿಸಿಕೊಳ್ಳಬೇಕೋ ನನಗಂತೂ ತಿಳಿಯದು.

ಪಠ್ಯವನ್ನು ತಿದ್ದಿದವರ ಕಥೆಯೂ ರಾಜಾಜಿನಗರದಲ್ಲೇ ಇದೆ, ಕಾರಣ ಮಾತ್ರ ಬೇರೆ. ಇಲ್ಲಿನ ಬಸವ ಮಂಟಪದ ಮಾತೆ ಮಹಾದೇವಿ ಅವರು ಬಸವಣ್ಣನ ವಚನಗಳ ಅಂಕಿತವನ್ನು ‘ಲಿಂಗದೇವ’ ಎಂದು ಬದಲಿಸಿ ‘ಬಸವ ವಚನ ದೀಪ್ತಿ’ ಪ್ರಕಟಿಸಿದರು. 1998ರಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಒಂದು ಅಂಕಿತ ಬದಲಿಸಿದ್ದಕ್ಕೇ ಇಷ್ಟಾದ ನಾಡಿನಲ್ಲಿ ಕಾವ್ಯಗಳ ಪದ ಬದಲಿಸುವುದು ಸುಲಭದ ಕೆಲಸವಲ್ಲ.

ಹೆಸರು ಬದಲಿಸಿದರೆ ಏನಾಗುತ್ತದೆಂಬುದಕ್ಕೆ ಕಾವ್ಯದಾಚೆಯ ಪುರಾವೆಯೂ ಇದೆ. ಹಳೆಯ ಮೈಸೂರು ಸಂಸ್ಥಾನದಲ್ಲಿ ಅವಮಾನದ ಹೆಸರುಗಳ ಬದಲು ಆದಿ ಕರ್ನಾಟಕ, ಆದಿ ದ್ರಾವಿಡ ಎಂಬ ಹೆಸರುಗಳು ಬಂದವು. ಗೌರವದ ಹೆಸರುಗಳೇ. ಆದರೆ ಆ ಒಂದೊಂದು ಹೆಸರಿನಡಿ ಹೊಲೆಯರೂ ಇದ್ದರು, ಮಾದಿಗರೂ ಇದ್ದರು. ಒಳಮೀಸಲಾತಿಗೆ ಲೆಕ್ಕ ಹಾಕುವಾಗ ಯಾರು ಯಾರೆಂಬುದೇ ತಿಳಿಯದಾಯಿತು. 2025ರಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಗಣತಿದಾರರು ಮನೆಮನೆಗೆ ಹೋಗಿ ಮೂಲ ಜಾತಿಯ ಹೆಸರು ಕೇಳಬೇಕಾಗಿ ಬಂತು. ಬೀದಿಯಲ್ಲಿ ಬೈಗುಳವಾದ ಪದ ಸರ್ಕಾರದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಹಕ್ಕಿನ ಪದ. ‘ಹೊಲ’ದಿಂದ ಹೊಲೆಯ ಬಂತೆಂದು ಕೆಲವರು, ‘ಹೊಲೆ’ ಎಂಬ ಅಶುದ್ಧಿಯಿಂದ ಬಂತೆಂದು ಕೆಲವರು ಇನ್ನೂ ವಾದಿಸುತ್ತಲೇ ಇದ್ದಾರೆ.

ಹಾಗಾದರೆ ಆ ಪದ ಹೊತ್ತವರು ಏನು ಮಾಡಿದರು? 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಸಚಿವ ಬಿ.ಬಸವಲಿಂಗಪ್ಪ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದುಬಿಟ್ಟರು. ರಾಜ್ಯದಲ್ಲಿ ಬೆಂಕಿ ಹೊತ್ತಿತು, ಅವರ ಪರ ನಿಂತ ದಲಿತ ವಿದ್ಯಾರ್ಥಿಗಳು ಏಟು ತಿಂದರು, ಸಚಿವರ ಕುರ್ಚಿ ಹೋಯಿತು. ಗಮನಿಸಬೇಕಾದ್ದೆಂದರೆ, ಬಸವಲಿಂಗಪ್ಪನವರೂ ಹಳೆಯ ಪುಸ್ತಕದ ಪದ ಅಳಿಸಿ ಎಂದಿರಲಿಲ್ಲ. ಅದರಲ್ಲಿ ನಮ್ಮ ಬದುಕೆಲ್ಲಿ ಎಂಬುದು ಆ ಮಾತಿನ ಹಿಂದಿದ್ದ ಪ್ರಶ್ನೆ.

ಉತ್ತರ ಬಂದದ್ದು ಶ್ರೀರಾಮಪುರದಿಂದ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಿಂದ ಬೆಂಗಳೂರಿಗೆ ಬಂದ ಹುಡುಗ ಸಿದ್ಧಲಿಂಗಯ್ಯ ಬೆಳೆದದ್ದು ಆ ಕೇರಿಗಳಲ್ಲಿ. ಗದ್ದಲದ ಕೇರಿಯಲ್ಲಿ ಓದಲು ಜಾಗವಿಲ್ಲದೆ ಸ್ಮಶಾನಕ್ಕೆ ಹೋಗಿ ಗೋರಿಗಳ ನಡುವೆ ಕೂರುತ್ತಿದ್ದುದನ್ನು ಅವರ ಆತ್ಮಕಥೆ ‘ಊರುಕೇರಿ’ ನಗುನಗುತ್ತಲೇ ಹೇಳುತ್ತದೆ. 1975ರಲ್ಲಿ ಅವರ ಮೊದಲ ಕವನ ಸಂಕಲನ ಬಂತು. ರಾಘವಾಂಕನ ದೊರೆ ಉಗುಳಿದ ಪದವನ್ನು ಅವರು ಅಳಿಸಲಿಲ್ಲ, ಮುಚ್ಚಿಡಲೂ ಇಲ್ಲ, ಮುಖಪುಟಕ್ಕೇ ಹಾಕಿದರು: ‘ಹೊಲೆಮಾದಿಗರ ಹಾಡು’. 2015ರಲ್ಲಿ ಶ್ರವಣಬೆಳಗೊಳದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು.