ಲೇಸರ್ ಹಾಯಿಸಿದರೆ ಚಿತ್ರದ ವಯಸ್ಸು ಗೊತ್ತಾಗುತ್ತದೆಯೇ?

ಇದು ಅರ್ಧಸತ್ಯ. ರಾಮನ್ ಸ್ಪೆಕ್ಟ್ರೋಸ್ಕೋಪಿ ಚಿತ್ರದ ವಯಸ್ಸನ್ನು ಅಳೆಯುವುದಿಲ್ಲ. ಅದರಲ್ಲಿ ಬಳಸಿದ ಬಣ್ಣ ಯಾವುದೆಂದು ಗುರುತಿಸುತ್ತದೆ.

ಹೇಗೆ?
ಬಣ್ಣದ ಮೇಲೆ ಬಿದ್ದ ಲೇಸರ್ ಬೆಳಕಿನ ಅತ್ಯಲ್ಪ ಭಾಗ ತರಂಗಾಂತರ ಬದಲಿಸಿಕೊಂಡು ಚದುರುತ್ತದೆ. ಆ ಬದಲಾವಣೆ ಅಣುಗಳ ಕಂಪನಕ್ಕೆ ತಕ್ಕಂತೆ ಇರುವುದರಿಂದ ಅದು ಬಣ್ಣದ ಬೆರಳಚ್ಚಿದ್ದಂತೆ. ಸರ್ ಸಿ.ವಿ. ರಾಮನ್ ಅವರಿಗೆ 1930ರ ನೊಬೆಲ್ ತಂದುಕೊಟ್ಟ ಸಂಶೋಧನೆ ಇದೇ.

ವಯಸ್ಸಿನ ಸುಳಿವು ಎಲ್ಲಿಂದ?
ಪ್ರಯೋಗಾಲಯದಲ್ಲಿ ತಯಾರಾದ ಸಾವಯವ ಬಣ್ಣಗಳು ಯಾವಾಗ ಬಂದವು ಎಂಬ ದಾಖಲೆಯಿದೆ. ಥ್ಯಾಲೊಸಯನಿನ್ ನೀಲಿ ಮಾರುಕಟ್ಟೆಗೆ ಬಂದದ್ದು 1935ರಲ್ಲಿ. ಕಣ್ಣಿಗೆ ಇದು ಹಳೆಯ ಪ್ರಶ್ಯನ್ ನೀಲಿಯಂತೆಯೇ ಕಾಣಬಹುದು; ಲೇಸರ್‌ಗೆ ವ್ಯತ್ಯಾಸ ಗೊತ್ತಾಗುತ್ತದೆ. ರಾಜಾ ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅವರದೆನ್ನುವ ಚಿತ್ರದಲ್ಲಿ ಥ್ಯಾಲೊಸಯನಿನ್ ಸಿಕ್ಕರೆ, ಆ ಭಾಗವನ್ನಂತೂ ಅವರು ಬಳಿದಿಲ್ಲ.

ಹಾಗಾದರೆ ಚಿತ್ರ ನಕಲಿಯೇ?
ಅಷ್ಟಕ್ಕೇ ಹಾಗೆನ್ನಲಾಗದು. ಮುಂದೆ ಯಾರೋ ದುರಸ್ತಿ ಮಾಡುವಾಗ ಹಚ್ಚಿರಬಹುದು. ಅದಕ್ಕೇ ಹಲವು ಕಡೆ ಪರೀಕ್ಷಿಸುತ್ತಾರೆ. ಹೊಸ ಬಣ್ಣ ಸಿಗದಿದ್ದರೆ ಚಿತ್ರ ಅಸಲಿ ಎಂದೂ ಅಲ್ಲ. ಪ್ರಶ್ಯನ್ ನೀಲಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಕೆಲವೊಮ್ಮೆ ವಾರ್ನಿಶ್ ತಾನೇ ಹೊಳೆದು ರಾಮನ್ ಸಂಕೇತವನ್ನೇ ಮುಚ್ಚಿಬಿಡುತ್ತದೆ.

ನಮ್ಮ ಸಲಹೆ
'ಲೇಸರ್ ಪರೀಕ್ಷೆ ಆಗಿದೆ, ಅಸಲಿ' ಎಂದು ಯಾರಾದರೂ ಹಳೆಯ ಚಿತ್ರ ಮಾರಲು ಬಂದರೆ, ಯಾವ ಬಣ್ಣ ಸಿಕ್ಕಿತು, ಎಷ್ಟು ಕಡೆ ನೋಡಿದರು ಎಂದು ಕೇಳಿ. ದುಡ್ಡು ಕೊಡುವ ಮಾತು ಆಮೇಲೆ.