ಘಟ್ಟದ ಮೇಲೆ ಒಂದು ಗಂಟೆ

ನಮ್ಮ ಹಿರಿಯರು ದೂರವನ್ನು ಹೇಳುವಾಗ ಹರದಾರಿ, ಗಾವುದಗಳ ಲೆಕ್ಕವನ್ನಷ್ಟೇ ಹಿಡಿಯುತ್ತಿರಲಿಲ್ಲ. ‘ಒಂದು ಹೊತ್ತಿನ ದಾರಿ’, ‘ಎರಡು ದಿನದ ಪಯಣ’ ಎಂದೂ ಹೇಳುತ್ತಿದ್ದರು. ನಡುವೆ ಹೊಳೆಯೋ ಘಟ್ಟವೋ ಇದ್ದಲ್ಲಿ ಬರಿಯ ಹರದಾರಿಯಿಂದ ದಾರಿಹೋಕನಿಗೆ ಏನೂ ತಿಳಿಯದು. ಬೆಂಗಳೂರು ಮಂಗಳೂರುಗಳ ನಡುವಣ ದಾರಿಯ ಕಥೆ ಈ ಮಾತಿಗೆ ಒಳ್ಳೆಯ ನಿದರ್ಶನ.

ಎರಡು ವಿಮಾನನಿಲ್ದಾಣಗಳ ನಡುವೆ ನೇರವಾಗಿ ಅಳೆದರೆ ಸುಮಾರು 300 ಕಿಲೋಮೀಟರ್. ರಸ್ತೆಯಲ್ಲಿ ಅದು ಸುಮಾರು 350. ವ್ಯತ್ಯಾಸ ಐವತ್ತೇ ಆದರೂ ಆ ಐವತ್ತರಲ್ಲಿ ಸಹ್ಯಾದ್ರಿಯ ತಿರುವುಗಳೆಲ್ಲ ಅಡಗಿವೆ. ಮಳೆಗಾಲದಲ್ಲಿ ಶಿರಾಡಿಯ ಗುಡ್ಡ ಜರಿದರಂತೂ ಯಾವ ಲೆಕ್ಕವೂ ನಿಲ್ಲದು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬಂದದ್ದು ಮಲಬಾರಿನ ಕಡೆಯಿಂದ. ಆಗ ಆ ಊರು ಮದರಾಸಿನ ಆಡಳಿತಕ್ಕೆ ಸೇರಿತ್ತು. ರೈಲಿನಲ್ಲೇ ಬೆಂಗಳೂರಿಗೆ ಹೋಗಬೇಕೆಂದವರು ತೆಂಕಣಕ್ಕೆ ಇಳಿದು, ಶೊರನೂರಿನಲ್ಲಿ ಮೂಡಣಕ್ಕೆ ಹೊರಳಿ, ಈರೋಡು, ಸೇಲಂ, ಜೋಲಾರಪೇಟೆಗಳನ್ನು ಹಾದು ಬರಬೇಕಿತ್ತು. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರೆಂಬ ಗಾದೆಯನ್ನು ಇಲ್ಲಿ ಮಲಬಾರು ಸುತ್ತಿ ಎಂದು ತಿದ್ದಿಕೊಂಡರೆ ಸಾಕು.

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಅವರು ಡಕೋಟಾ ವಿಮಾನದಲ್ಲಿ ಬಜ್ಪೆಯ ಗುಡ್ಡದ ಮೇಲೆ ಬಂದಿಳಿದರು. ನಿಲ್ದಾಣ ತೆರೆಯಿತು. ಐದು ವರ್ಷ ಕಳೆದು, 1956ರ ನವೆಂಬರ್ 1ರಂದು, ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯವೇನೋ ಒಂದಾಯಿತು, ಹಳಿಗಳು ಒಂದಾಗಲಿಲ್ಲ. ತನ್ನ ರಾಜಧಾನಿಗೆ ರೈಲು ಹತ್ತಿದ ಕನ್ನಡಿಗ ಬೇರೆ ಮೂರು ರಾಜ್ಯಗಳನ್ನು ದಾಟಿ ಬರಬೇಕಾದ ಸ್ಥಿತಿ ಮುಂದೆ 23 ವರ್ಷ ನಡೆಯಿತು. ಹಾಸನ–ಮಂಗಳೂರು ಮಾರ್ಗ ಪೂರ್ಣಗೊಂಡದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ ಸುಮಾರು 55 ಕಿಲೋಮೀಟರಿನಲ್ಲಿಯೇ 57 ಸುರಂಗಗಳು! ತಡವೇಕಾಯಿತೆಂದು ಆ ಬೆಟ್ಟವನ್ನೇ ಕೇಳಬೇಕು. ಹಳಿಯನ್ನು ಅಗಲಗೊಳಿಸಲೆಂದು ಆ ಮಾರ್ಗವನ್ನೂ ತೊಂಬತ್ತರ ದಶಕದಲ್ಲಿ ಮುಚ್ಚಿದರು; ಪ್ರಯಾಣಿಕರಿಗೆ ಅದು ಮತ್ತೆ ದೊರೆತದ್ದು 2007ರಲ್ಲಿ.

ವಿಮಾನಕ್ಕೆ ಈ ತಾಪತ್ರಯಗಳಿಲ್ಲ ನಿಜ. ಆದರೆ ಅಲ್ಲಿಯೂ ಒಂದು ಸೋಜಿಗವಿದೆ. ಡಕೋಟಾದ ವೇಗ ಗಂಟೆಗೆ 300 ಕಿಲೋಮೀಟರಿಗೆ ಕೊಂಚ ಕಡಿಮೆ. ಈ ದಾರಿಗೆ ಅದಕ್ಕೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತು ಸಾಲುತ್ತಿತ್ತು. ಇಂದಿನ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500. ವೇಳಾಪಟ್ಟಿಯಲ್ಲಿ ಮಾತ್ರ ಈಗಲೂ ಸುಮಾರು ಒಂದು ಗಂಟೆಯೇ! ನೆಲದ ಮೇಲೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು—ಇವೆಲ್ಲ ಸೇರಿ ವೇಗದ ಲಾಭವನ್ನು ನುಂಗುತ್ತವೆ. ಕಿರುದಾರಿಯಲ್ಲಿ ಪೂರ್ಣವೇಗದಿಂದ ಓಡಲು ಅವಕಾಶವೇ ಕಡಿಮೆ. 2008ರಲ್ಲಿ ಬೆಂಗಳೂರಿನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಪೇಟೆಯಿಂದ ಅಲ್ಲಿಗೆ ತಲುಪಲು ಹಿಡಿಯುವ ಹೊತ್ತು ಕೆಲವೊಮ್ಮೆ ಹಾರುವ ಹೊತ್ತನ್ನು ಮೀರುತ್ತದೆ.

ಗುಡ್ಡದ ತಲೆಯನ್ನು ಸಮ ಮಾಡಿ ಪಡೆದ ಓಡುದಾರಿಗೆ ಅದರದೇ ಆದ ಅಪಾಯವೂ ಉಂಟು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನವೊಂದು ಬಜ್ಪೆಯಲ್ಲಿ ಇಳಿದು, ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿತು. 158 ಮಂದಿ ಮಡಿದರು. ಎಂಟು ಮಂದಿ ಉಳಿದರು. ಸಾವಿರಾರು ಕಿಲೋಮೀಟರ್ ದಾಟಿ ಬಂದವರಿಗೆ ಕಡೆಯ ಕೆಲವು ನೂರು ಮೀಟರುಗಳೇ ದಾಟಲಾಗದ ದೂರವಾದವು.

ಕಿಟಕಿಯ ಪಕ್ಕದಲ್ಲಿ ಕುಳಿತವರಿಗೆ ಘಟ್ಟ ಇಂದು ಕೆಲವು ನಿಮಿಷಗಳ ಹಸಿರು ಅಷ್ಟೆ. ಕೆಳಗೆ ಅದೇ ಹೊತ್ತಿನಲ್ಲಿ ಬಸ್ಸೊಂದು ತಿರುವಿನಿಂದ ತಿರುವಿಗೆ ಏದುಸಿರಿನಿಂದ ಏರುತ್ತಿರುತ್ತದೆ. ಮಂಗಳೂರು ಎಷ್ಟು ದೂರವೆಂದು ಕೇಳುವವರಿಗೆ, ಯಾವುದರಲ್ಲಿ ಹೊರಟಿದ್ದೀರೆಂದು ಇಂದಿಗೂ ಮೊದಲು ಕೇಳಬೇಕಾಗುತ್ತದೆ.