ಮಿತಾಕ್ಷರೆಯಲ್ಲಿ ಭೃತಿಯೂ ಲಾಭಾಂಶವೂ

ಪರರ ಧನವನ್ನು ವಿನಿಯೋಗಿಸಿ ವೃದ್ಧಿಗೊಳಿಸುವವನಿಗೆ ಸಲ್ಲತಕ್ಕ ಪ್ರತಿಫಲವೆಷ್ಟು, ಲಾಭ ಹೆಚ್ಚಿದಾಗ ಅದೂ ಹೆಚ್ಚಬೇಕೆ ಎಂಬ ವಿಚಾರವು ಪಾಶ್ಚಾತ್ಯರಿಂದ ನಮಗೆ ಬಂದುದೆಂದು ಹಲವರು ಭಾವಿಸಿರುವರು. ಕನ್ನಡನಾಡಿನಲ್ಲಿಯೇ ಹುಟ್ಟಿದ ಗ್ರಂಥವೊಂದು ಈ ಭಾವನೆಯನ್ನು ತಿದ್ದಬಲ್ಲುದು.

ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯು ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (1076–1126) ಕಾಲದ್ದೆಂಬುದು ವಿದ್ವಾಂಸರಿಗೆ ವಿದಿತವೇ ಇದೆ. ನಮ್ಮ ಶ್ರೀರಾಮನಗರವಿರುವ ಕೊಪ್ಪಳ ಸೀಮೆಯ ಇಟಗಿಯಲ್ಲಿ ಅದೇ ಚಕ್ರವರ್ತಿಯ ದಂಡನಾಯಕನಾದ ಮಹಾದೇವನು 1112ರಲ್ಲಿ ದೇವಾಲಯವನ್ನು ಕಟ್ಟಿಸಿದನು. ದತ್ತಿಯ ಗದ್ಯಾಣಗಳ ಮೂಲಧನವನ್ನು ಮುಟ್ಟದೆ ಬಡ್ಡಿಯಿಂದಲೇ ನಂದಾದೀವಿಗೆಯನ್ನು ನಡೆಯಿಸುವ ಪದ್ಧತಿಯು ಆ ಕಾಲದ ಶಾಸನಗಳಲ್ಲಿ ಕಾಣಬರುತ್ತದೆ. ಅಲ್ಲಿ ಧನವನ್ನು ಹಿಡಿದವನು ಗೊತ್ತಾದ ಬಡ್ಡಿಯನ್ನು ತೆತ್ತರೆ ಸಾಕು. ಅದಕ್ಕೆ ಮಿಕ್ಕ ಲಾಭವು ಅವನದೇ ಎಂದು ತೋರುತ್ತದೆ. ಸ್ವಾಮಿಯ ಲೆಕ್ಕದಲ್ಲಿಯೇ ವ್ಯಾಪಾರಮಾಡುವ ಭೃತ್ಯನ ಸ್ಥಿತಿಯಾದರೋ ಬೇರೆ. ಅವನ ವಿಚಾರವು ಮಿತಾಕ್ಷರೆಯ ವೇತನಾದಾನ ಪ್ರಕರಣದಲ್ಲಿ ಬಂದಿದೆ.

ಭೃತಿಯನ್ನು ನಿಶ್ಚಯಿಸದೆ ವಾಣಿಜ್ಯ, ಪಶು, ಸಸ್ಯಗಳ ಕೆಲಸವನ್ನು ಮಾಡಿಸಿಕೊಂಡ ಸ್ವಾಮಿಯಿಂದ, ಲಾಭದ ಹತ್ತನೆಯ ಒಂದು ಭಾಗವನ್ನು ಭೃತ್ಯನಿಗೆ ಅರಸನು ಕೊಡಿಸತಕ್ಕದ್ದು ಎಂದು ಮೊದಲು ಹೇಳಿದೆ. ಇಂದಿನ ಲಾಭಾಂಶ ಪದ್ಧತಿಗೆ ಇದನ್ನೇ ಮೂಲವೆನ್ನುವುದು ಸುಲಭ, ಆದರೆ ಸರಿಯಲ್ಲ. ಈ ದಶಮಾಂಶವು ಒಪ್ಪಂದವಿಲ್ಲದ ಸಂದರ್ಭಕ್ಕೆ ಮಾತ್ರ ವಿಹಿತವಾದುದು. ನಿಜವಾದ ಸಾದೃಶ್ಯವಿರುವುದು ಅದರ ಮುಂದಿನ ಶ್ಲೋಕದಲ್ಲಿ. ವಿಕ್ರಯಕ್ಕೆ ಉಚಿತವಾದ ದೇಶಕಾಲಗಳನ್ನು ಮೀರಿದವನಿಗೂ, ಅತಿವ್ಯಯದಿಂದ ಲಾಭವನ್ನು ಕುಗ್ಗಿಸಿದವನಿಗೂ ಪೂರ್ಣ ಭೃತಿಯಿಲ್ಲ, ಸ್ವಾಮಿಯ ಇಚ್ಛೆಯೇ ಪ್ರಮಾಣ. ದೇಶಕಾಲಗಳನ್ನರಿತು ಅಧಿಕ ಲಾಭವನ್ನು ತಂದವನಿಗೆ ಮೊದಲು ಗೊತ್ತುಮಾಡಿದ ಭೃತಿಗಿಂತಲೂ ಏನಾದರೂ ಹೆಚ್ಚಾಗಿ ಕೊಡತಕ್ಕದ್ದು. ಇಲ್ಲಿ ಪ್ರಯುಕ್ತವಾದ ‘ದೇಯಂ’ ಎಂಬ ಕೃತ್ಯಪ್ರತ್ಯಯಾಂತ ಶಬ್ದವು ಗಮನಾರ್ಹವಾದುದು. ನಮ್ಮ ಮತದಲ್ಲಿ ಇದು ಯಜಮಾನನ ಔದಾರ್ಯವಲ್ಲ, ಋಣ. ಅದರ ಪ್ರಮಾಣವನ್ನು ಮಾತ್ರ ವ್ಯಾಖ್ಯಾನಕಾರನು ಗೊತ್ತುಮಾಡಿಲ್ಲ. ಲೆಕ್ಕಿಗರಿಗೆ ಇದು ಅಸಮಾಧಾನಕರವಾದರೆ ಆಶ್ಚರ್ಯವಿಲ್ಲ!

ಇಂದಿನ ಬಂಡವಾಳ ನಿರ್ವಾಹಕರು ಸಾಮಾನ್ಯವಾಗಿ ನಿಧಿಯ ಮೌಲ್ಯದ ಮೇಲೆ ಶೇಕಡಾವಾರು ಶುಲ್ಕವನ್ನು ಪಡೆಯುವರು. ನಷ್ಟದ ವರ್ಷದಲ್ಲಿಯೂ ಅದು ತಪ್ಪದು. ಇದಲ್ಲದೆ ಲಾಭದಲ್ಲಿ ಪಾಲನ್ನು ಪಡೆಯುವ ನಿರ್ವಾಹಕರೂ ಉಂಟು. ಭಾರತದಲ್ಲಿ ಪೋರ್ಟ್‌ಫೋಲಿಯೋ ನಿರ್ವಾಹಕರಿಗೆ ಸೆಬಿ ಸಂಸ್ಥೆಯು 2010ರಲ್ಲಿ ವಿಧಿಸಿದ ಕ್ರಮದಂತೆ, ಧನವು ಹಿಂದೆ ಮುಟ್ಟಿದ ಅತ್ಯುಚ್ಚ ಮೌಲ್ಯವನ್ನು ದಾಟಿದ ಮೇಲೆಯೇ ಆ ಪಾಲು. 100 ರೂಪಾಯಿಯು 80ಕ್ಕಿಳಿದು ಪುನಃ 100ಕ್ಕೇರಿದರೆ, ನಡುವಿನ 20 ಲಾಭವೆನಿಸದು. ಈ ಸೂಕ್ಷ್ಮತೆಯು ಮಿತಾಕ್ಷರೆಯಲ್ಲಿಲ್ಲವೆಂದು ಒಪ್ಪಬೇಕು. ಆದರೆ ನಿರ್ವಾಹಕನ ವ್ಯಯವೇ ಲಾಭವನ್ನು ತಿಂದರೆ ಅವನ ಭೃತಿಯೂ ಕುಗ್ಗುವ ನಿಯಮವು ಅಲ್ಲಿದೆ. ಶೇಕಡಾವಾರು ಶುಲ್ಕದಲ್ಲಿ ಅದಕ್ಕೆ ಸಮನಾದುದು ನಮಗೆ ಕಾಣಲಿಲ್ಲ.

ಸಂಭೂಯಸಮುತ್ಥಾನ ಪ್ರಕರಣವನ್ನೂ ಇದರೊಡನೆ ಓದಬೇಕು. ಕೂಡಿ ವ್ಯಾಪಾರಮಾಡುವವರಲ್ಲಿ ಇತರರು ನಿಷೇಧಿಸಿದುದನ್ನು ಮಾಡಿಯೋ, ಅವರ ಅನುಮತಿಯಿಲ್ಲದೆಯೋ, ಪ್ರಮಾದದಿಂದಲೋ ಧನವನ್ನು ಕೆಡಿಸಿದವನು ಅದನ್ನು ತಾನೇ ತುಂಬಿಕೊಡಬೇಕು. ವಿಪ್ಲವದಿಂದ ಸರಕನ್ನು ಕಾಪಾಡಿದವನಿಗೆ ಅದರ ದಶಮಾಂಶವು ಸಲ್ಲುವುದು. ಹೀಗೆ ದಶಮಾಂಶವು ಎರಡೆಡೆಗಳಲ್ಲಿ ಬಂದರೂ ಒಂದು ಗಳಿಸಿದುದಕ್ಕೆ, ಇನ್ನೊಂದು ಉಳಿಸಿದುದಕ್ಕೆ ಸಂದುದು.